ಹೊರಗೋಡೆಯ ಮರುಬಣ್ಣ: ಚಕ್ಕೆ ಎದ್ದ ಮೇಲ್ಮೈಯ ಸಿದ್ಧತೆ

ಇಟ್ಟಿಗೆ, ಕಲ್ಲು, ಮುರಕಲ್ಲು ಅಥವಾ ಸಿಮೆಂಟ್ ಬ್ಲಾಕಿನಿಂದ ಕಟ್ಟಿ ಗಾರೆ ಮಾಡಿದ ಹೊರಗೋಡೆಗಳಲ್ಲಿ ಬಣ್ಣವು ಕೆಲವೇ ವರ್ಷಗಳಲ್ಲಿ ಹಪ್ಪಳ ಎದ್ದು ಚಕ್ಕೆಚಕ್ಕೆಯಾಗಿ ಉದುರುವುದುಂಟು. ಅಂಥ ಗೋಡೆಯ ಮೇಲೆ ಹೊಸ ಬಣ್ಣ ಹಿಡಿದು ನಿಲ್ಲಬೇಕಾದರೆ ಮೊದಲು ತೇವದ ಮೂಲವನ್ನು ಪತ್ತೆಹಚ್ಚಿ ತಡೆಯಬೇಕು, ಸಡಿಲವಾದ ಪದರಗಳನ್ನು ಕೆರೆದು ತೆಗೆಯಬೇಕು, ಪಾಚಿ ಮತ್ತು ಉಪ್ಪನ್ನು ನೀಗಬೇಕು, ಗಾರೆಯನ್ನು ದುರಸ್ತಿ ಮಾಡಿ ಒಣಗಲು ಬಿಡಬೇಕು, ಕೊನೆಗೆ ಪ್ರೈಮರ್ ಬಳಿಯಬೇಕು. ಈ ಎಲ್ಲ ಕೆಲಸಗಳನ್ನು ಒಟ್ಟಾಗಿ ಮೇಲ್ಮೈ ಸಿದ್ಧತೆ ಎನ್ನುತ್ತಾರೆ. ಕಾಂಕ್ರೀಟು, ಕಟ್ಟಡದ ಗೋಡೆ ಮತ್ತು ಗಾರೆಯ ಮೇಲೆ ಬಣ್ಣ ಬಳಿಯುವ ಕ್ರಮವನ್ನು ಭಾರತೀಯ ಮಾನಕ ಬ್ಯೂರೊ ಐಎಸ್ 2395 ಎಂಬ ಸಂಹಿತೆಯ ಎರಡು ಭಾಗಗಳಲ್ಲಿ ವಿವರಿಸಿದೆ. ಎರಡು ಕೋಟು ಎಮಲ್ಷನ್ ಒಣಗಿದ ಮೇಲೆ ಅದರ ದಪ್ಪ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಇಷ್ಟು ತೆಳುವಾದ ಪೊರೆಗೆ ಸ್ವಂತ ಬಲವಿಲ್ಲ. ಅದರ ಬಾಳಿಕೆ ಕೆಳಗಿನ ಪದರದ ಗಟ್ಟಿತನದ ಮೇಲೆಯೇ ನಿಂತಿದೆ.

ಹಿನ್ನೆಲೆ

ಸಿಮೆಂಟ್ ಬಳಕೆಗೆ ಬರುವ ಮೊದಲು ಕರ್ನಾಟಕದ ಮನೆಗಳ ಹೊರಗೋಡೆಗೆ ಸುಣ್ಣವೇ ಬಣ್ಣವಾಗಿತ್ತು. ಒಳನಾಡಿನಲ್ಲಿ ಸುಣ್ಣಕಲ್ಲನ್ನೂ ಕರಾವಳಿಯಲ್ಲಿ ಅಳಿವೆಗಳಲ್ಲಿ ಸಿಗುವ ಚಿಪ್ಪನ್ನೂ ಸುಟ್ಟು, ನೀರು ಹಾಕಿ ಅರಳಿಸಿ, ಸೋಸಿ, ಅಂಟಿಗೆಂದು ಗಂಜಿಯನ್ನೋ ಗೋಂದನ್ನೋ ಬೆರೆಸಿ ಬಳಿಯುತ್ತಿದ್ದರು. ಬಿಳುಪು ಎದ್ದು ಕಾಣಲೆಂದು ಚಿಟಿಕೆ ನೀಲಿ ಸೇರುತ್ತಿತ್ತು. ಮಳೆಹನಿ ಸಿಡಿಯುವ ಬುಡದ ಭಾಗಕ್ಕೆ ಕೆಮ್ಮಣ್ಣಿನ ಪಟ್ಟಿ ಬೀಳುತ್ತಿತ್ತು. ಯುಗಾದಿ, ದೀಪಾವಳಿ ಅಥವಾ ಊರಜಾತ್ರೆಯ ಮುಂಚೆ ಸುಣ್ಣ ಹೊಡೆಯುವ ವಾಡಿಕೆಯಿಂದ ಗೋಡೆಯ ಆರೈಕೆ ವರ್ಷಕ್ಕೊಮ್ಮೆ ತಾನಾಗಿಯೇ ನಡೆಯುತ್ತಿತ್ತು. ಬಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಗಟ್ಟಿಯಾಗುತ್ತದೆ. ಅದರಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಗೋಡೆ ಹೀರಿಕೊಂಡ ನೀರು ಆವಿಯಾಗಿ ಸಲೀಸಾಗಿ ಹೊರಹೋಗುತ್ತದೆ. ಸವೆದಾಗ ಅದು ಹೆಚ್ಚಾಗಿ ಪುಡಿಯಾಗಿ ಉದುರುತ್ತದೆ, ಹಾಳೆಯಾಗಿ ಏಳುವುದು ಕಡಿಮೆ.

ಸಿಮೆಂಟ್ ಗಾರೆಯ ಜೊತೆಗೆ ಸಿಮೆಂಟ್ ಬಣ್ಣ ಬಂತು. ಸ್ನೋಸೆಮ್ ಎಂಬ ಒಂದು ತಯಾರಿಕೆಯ ಹೆಸರು ಆ ಬಗೆಯ ಬಣ್ಣಗಳಿಗೆಲ್ಲ ಅಂಟಿಕೊಳ್ಳುವಷ್ಟು ಅದು ಮನೆಮಾತಾಯಿತು. ಅದೂ ಉಸಿರಾಡುವ ಲೇಪವೇ. ಬಳಿದ ಮೇಲೆ ಒಂದೆರಡು ದಿನ ನೀರು ಚಿಮುಕಿಸಿ ಕ್ಯೂರಿಂಗ್ ಮಾಡಬೇಕಾಗಿತ್ತು. ಅನಂತರದ ಅಕ್ರಿಲಿಕ್ ಎಮಲ್ಷನ್‌ಗಳು ಬಣ್ಣ, ಹೊಳಪು, ತೊಳೆಯುವ ಅನುಕೂಲ ಎಲ್ಲದರಲ್ಲೂ ಹಿಂದಿನವನ್ನು ಮೀರಿಸಿದವು. ಆದರೆ ಎಮಲ್ಷನ್ ಒಣಗಿದಾಗ ಉಳಿಯುವುದು ಪ್ಲಾಸ್ಟಿಕ್ಕಿನ ಪೊರೆ. ಹೊರಗಿನ ಮಳೆಯನ್ನು ತಡೆಯುವ ಅದೇ ಪೊರೆ ಒಳಗಿನ ತೇವವನ್ನೂ ಬಹುಮಟ್ಟಿಗೆ ತಡೆಯುತ್ತದೆ. ಇಂದು ಕಾಣುವ ಚಕ್ಕೆಯ ಸಮಸ್ಯೆ ಬಹುಪಾಲು ಈ ಪೊರೆಯ ಕಾಲದ್ದು.

ಕಾರಣಗಳು

ಬಣ್ಣ ಏಳುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ನೀರು. ಅದು ಗೋಡೆಯೊಳಗೆ ಸೇರುವ ದಾರಿಗಳು ಹಲವು. ತಾರಸಿಯ ಪ್ಯಾರಪೆಟ್ ಗೋಡೆಯ ನೆತ್ತಿಯಲ್ಲಿ ಬಿಟ್ಟ ಬಿರುಕು, ಸಜ್ಜಾ ಮತ್ತು ಗೋಡೆ ಕೂಡುವ ಮೂಲೆ, ಕಿಟಕಿ ಚೌಕಟ್ಟಿನ ಸಂದು, ಗೋಡೆಯೊಳಗೆ ಹುದುಗಿಸಿದ ಪೈಪಿನ ಸೋರಿಕೆ, ಬಚ್ಚಲಮನೆಯ ಹಿಂಗೋಡೆ, ತುಂಬಿ ಹರಿಯುವ ನೀರಿನ ಟ್ಯಾಂಕು ಇವು ಮೇಲಿನ ದಾರಿಗಳು. ಕೆಳಗಿನಿಂದ ಮಣ್ಣಿನ ತೇವ ಕಲ್ಲು–ಇಟ್ಟಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರುತ್ತದೆ. ಸಾಮಾನ್ಯವಾಗಿ ಅದು ನೆಲದಿಂದ ಸುಮಾರು ಒಂದು ಮೀಟರಿನವರೆಗೆ ಏರಿ ನಿಲ್ಲುತ್ತದೆ. ಸೈಜುಕಲ್ಲಿನ ತಳಪಾಯದ ಮೇಲೆ ತೇವ ತಡೆಯುವ ಪದರ ಹಾಕದ ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ಪದರವಿದ್ದರೂ ಅಂಗಳವನ್ನು ಎತ್ತರಿಸಿ ಮಣ್ಣನ್ನು ಅದಕ್ಕಿಂತ ಮೇಲೆ ಒತ್ತಿದ್ದರೆ ಫಲ ಒಂದೇ. ಸೂರ್ಯನ ಬಿಸಿಗೆ ಗೋಡೆಯೊಳಗಿನ ನೀರು ಆವಿಯಾಗಿ ಹೊರಬರಲು ನೋಡುತ್ತದೆ. ಪೊರೆ ದಾರಿ ಬಿಡದಿದ್ದರೆ ಅದನ್ನು ಹಿಂದಿನಿಂದ ಒತ್ತಿ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಒಡೆದು ಚಕ್ಕೆಯಾಗುತ್ತದೆ.

ನೀರಿನ ಬೆನ್ನಿಗೇ ಉಪ್ಪು ಬರುತ್ತದೆ. ಮಣ್ಣು, ಇಟ್ಟಿಗೆ, ಮರಳು, ಸಿಮೆಂಟು, ಗಾರೆ ಕಲಸಿದ ನೀರು ಎಲ್ಲದರಲ್ಲೂ ಕರಗುವ ಲವಣಗಳು ಇರಬಹುದು. ನೀರಿನಲ್ಲಿ ಕರಗಿ ಮೇಲ್ಮೈಗೆ ಬಂದ ಲವಣ, ನೀರು ಆರಿದ ಮೇಲೆ ಹರಳುಗಟ್ಟುತ್ತದೆ. ಗೋಡೆಯ ಹೊರಮೈಯಲ್ಲಿ ಹರಳಾದರೆ ಅದು ಬಿಳಿ ಪುಡಿಯಾಗಿ ಕಾಣುವ ಉಪ್ಪಷ್ಟೆ; ನೋಡಲು ಅಸಹ್ಯವಾದರೂ ಹೆಚ್ಚು ಕೇಡು ಮಾಡದು. ಪೊರೆಯ ಹಿಂದೆ, ಗಾರೆಯ ರಂಧ್ರಗಳೊಳಗೆ ಹರಳಾದಾಗ ಅದರ ಒತ್ತಡಕ್ಕೆ ಗಾರೆಯೇ ಪುಡಿಯಾಗುತ್ತದೆ. ಇದರಲ್ಲಿ ಸೋಡಿಯಂ ಸಲ್ಫೇಟ್ ಎಲ್ಲಕ್ಕಿಂತ ಕೆಟ್ಟದ್ದು. 32.4 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಿನಲ್ಲಿ ತೇವ ಸಿಕ್ಕಾಗ ಅದರ ನಿರ್ಜಲ ರೂಪವು ನೀರನ್ನು ಸೇರಿಸಿಕೊಂಡು ಹೊಸ ಹರಳಾಗಿ ಮೊದಲಿನ ಸುಮಾರು ನಾಲ್ಕು ಪಟ್ಟು ಜಾಗ ಹಿಡಿಯುತ್ತದೆ. ಒಳನಾಡಿನ ಗೋಡೆಗಳು ಹಗಲು ಈ ಉಷ್ಣಾಂಶದ ಮೇಲಕ್ಕೂ ರಾತ್ರಿ ಕೆಳಕ್ಕೂ ದಾಟುವುದು ವರ್ಷದ ಬಹುಕಾಲ ನಡೆದೇ ಇರುತ್ತದೆ. ಕರಾವಳಿಯಲ್ಲಿ ಸಮಸ್ಯೆ ಅಡಿಗೆ ಉಪ್ಪಿನದು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡ 75 ಮೀರಿದಾಗ ಸೋಡಿಯಂ ಕ್ಲೋರೈಡ್ ಗಾಳಿಯ ತೇವವನ್ನೇ ಹೀರಿ ಕರಗುತ್ತದೆ, ಗಾಳಿ ಒಣಗಿದಾಗ ಮತ್ತೆ ಹರಳಾಗುತ್ತದೆ. ಮಳೆ ಬೀಳದ ದಿನವೂ ಮಂಗಳೂರು, ಕಾರವಾರದ ಕೆಲವು ಗೋಡೆಗಳು ಒದ್ದೆಯಾಗಿ ಕಾಣಲು ಇದೇ ಕಾರಣ. ಅಳಿವೆಯ ಉಪ್ಪುಮರಳನ್ನು ತೊಳೆಯದೆ ಗಾರೆಗೆ ಬಳಸಿದ ಮನೆಗಳಲ್ಲಿ ಈ ಕಾಟ ಮನೆಯ ಆಯುಷ್ಯದುದ್ದಕ್ಕೂ ತಪ್ಪುವುದಿಲ್ಲ. ತುಂಗಭದ್ರಾ ಮತ್ತು ಕೃಷ್ಣಾ ಅಚ್ಚುಕಟ್ಟಿನಲ್ಲಿ ಜವುಳಾಗಿ ಚೌಳೇರಿದ ಭೂಮಿಯ ಹತ್ತಿರದ ಊರುಗಳಲ್ಲಿ ಗೋಡೆಯ ಬುಡದ ಗಾರೆ ಉದುರುವುದಕ್ಕೂ ಮೂಲ ಇಂಥ ಲವಣಗಳೇ. ಕೊಳವೆಬಾವಿಯ ಸವುಳು ನೀರಿನಿಂದ ಗಾರೆ ಕಲಸುವುದು, ಕ್ಯೂರಿಂಗ್ ಮಾಡುವುದು ಇದಕ್ಕೆ ಇನ್ನಷ್ಟು ಉಪ್ಪು ಕೂಡಿಸುತ್ತದೆ.

ಎರಡನೆಯ ದೊಡ್ಡ ಕಾರಣ ದುರ್ಬಲ ಪದರ. ಹಲವು ವರ್ಷ ಸುಣ್ಣ ಹೊಡೆದು ಹೊಡೆದು ದಪ್ಪಗಟ್ಟಿದ ಗೋಡೆಯನ್ನು ಕೆರೆಯದೆ ಅದರ ಮೇಲೆ ಎಮಲ್ಷನ್ ಬಳಿದರೆ, ಆ ಪೊರೆ ಒಣಗುತ್ತ ಕುಗ್ಗಿ ಸುಣ್ಣದ ಪುಡಿಯನ್ನು ಬೆನ್ನಿಗೆ ಹತ್ತಿಸಿಕೊಂಡು ಹಾಳೆಹಾಳೆಯಾಗಿ ಸುಲಿದು ಬರುತ್ತದೆ. ಚಕ್ಕೆಯ ಹಿಂಬದಿ ಬಿಳಿ ಪುಡಿಯಿಂದ ಕೂಡಿದ್ದರೆ ದೋಷ ಬಣ್ಣದ್ದಲ್ಲ, ಅಡಿಯ ಸುಣ್ಣದ್ದು. ಡಿಸ್ಟೆಂಪರ್, ಸವೆದ ಸಿಮೆಂಟ್ ಬಣ್ಣ, ಬಿಸಿಲಿಗೆ ಅಂಟು ಸತ್ತು ಕೈಗೆ ಹತ್ತುವ ಹಳೆಯ ಎಮಲ್ಷನ್ ಇವೂ ಹೀಗೆಯೇ. ಹೊರಗೋಡೆಗೆ ಸಲ್ಲದ ಪುಟ್ಟಿ ಇನ್ನೊಂದು ಸಾಮಾನ್ಯ ತಪ್ಪು: ಜಿಪ್ಸಮ್ ಆಧಾರದ ಪುಟ್ಟಿ ಮತ್ತು ಒಳಗೋಡೆಯ ಅಕ್ರಿಲಿಕ್ ಪುಟ್ಟಿ ಮಳೆಯ ನೀರಿಗೆ ಮೆತ್ತಗಾಗಿ ಬಣ್ಣವನ್ನೂ ಕರೆದುಕೊಂಡೇ ಬೀಳುತ್ತವೆ.

ಮೂರನೆಯದು ಕ್ಷಾರ. ಸಿಮೆಂಟ್ ನೀರಿನೊಡನೆ ಕೂಡಿದಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಿಡುಗಡೆಯಾಗಿ ಹೊಸ ಗಾರೆಯ ಪಿಎಚ್ 12ನ್ನು ಮೀರುತ್ತದೆ. ಎಣ್ಣೆ ಬಣ್ಣ ಇದರ ಮೇಲೆ ಬಿದ್ದರೆ ಅದರ ಎಣ್ಣೆ ಕ್ಷಾರದೊಡನೆ ಸಾಬೂನಾಗಿ ಜಿಡ್ಡುಗಟ್ಟಿ ಕಿತ್ತುಬರುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಕಂಬಿ ತುಕ್ಕು ಹಿಡಿಯುವುದು ಇದಕ್ಕಿಂತ ಗಂಭೀರ ಕಾರಣ. ತುಕ್ಕು ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಹಿಡಿಯುವುದರಿಂದ ಸಜ್ಜಾ, ತೊಲೆ, ಕಂಬಗಳ ಹೊದಿಕೆ ಸಿಡಿಯುತ್ತದೆ. ಅಲ್ಲಿ ಬಣ್ಣ ಏಳುವುದು ಕಟ್ಟಡದ ರೋಗದ ಮೊದಲ ಗುರುತು ಮಾತ್ರ.

ಪ್ರದೇಶಕ್ಕೆ ತಕ್ಕಂತೆ ಈ ಕಾರಣಗಳ ತೂಕ ಬದಲಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಂಗಳೂರಿನಲ್ಲಿ ಸುಮಾರು 970. ಕರಾವಳಿ ಮತ್ತು ಮಲೆನಾಡಿನಲ್ಲಿ ನೈಋತ್ಯ ಮಾರುತದ ಇರಿಚಲು ನೇರ ಹೊಡೆಯುವ ಪಡುಗೋಡೆಯೇ ಮೊದಲು ಕೆಡುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹರಡಿದ ಹೆಂಚಿನ ಮಾಡುಗಳಿಗೆ ಗೋಡೆಯಿಂದ ಬಹಳ ಮುಂದೆ ಚಾಚಿದ ಸೂರು ಇರುತ್ತಿತ್ತು. ಮಳೆಗಾಲದಲ್ಲಿ ಅದರ ಅಂಚಿಗೆ ಸೋಗೆಯ ತಟ್ಟಿ ಕಟ್ಟಿ ಗೋಡೆಯನ್ನು ಇನ್ನಷ್ಟು ಕಾಯುತ್ತಿದ್ದರು. ಆ ಜಾಗಕ್ಕೆ ಬಂದ ಚಪ್ಪಟೆ ತಾರಸಿ ಮತ್ತು ಎರಡಡಿಯ ಸಜ್ಜಾ ಅಂಥ ಮಳೆಯ ಸೀಮೆಗೆ ಹೊಂದುವ ವಿನ್ಯಾಸವೇ ಅಲ್ಲ. ಉತ್ತರ ಕರ್ನಾಟಕದ ಎರೆನೆಲದಲ್ಲಿ ಮಳೆಗಿಂತ ಮಣ್ಣೇ ತೊಡಕು: ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಉಬ್ಬುವುದರಿಂದ ಗೋಡೆಯ ಬಿರುಕುಗಳು ಋತುವಿಗೆ ತಕ್ಕಂತೆ ಅಗಲವಾಗುತ್ತವೆ, ಮುಚ್ಚಿಕೊಳ್ಳುತ್ತವೆ.

ಪರೀಕ್ಷೆ

ಕೆರೆಯುವ ಮೊದಲು ಗೋಡೆಯನ್ನು ಓದಬೇಕು. ಚಕ್ಕೆ ಎಲ್ಲಿ ಎದ್ದಿದೆ ಎಂಬುದೇ ಅರ್ಧ ಉತ್ತರ. ಬುಡದಲ್ಲಿ ಅಡ್ಡಪಟ್ಟಿಯಂತೆ ಎದ್ದಿದ್ದರೆ ನೆಲದ ತೇವ. ಪ್ಯಾರಪೆಟ್ಟಿನ ಕೆಳಗೆ ಇಳಿಜಾರು ಕಲೆಗಳಾಗಿದ್ದರೆ ತಾರಸಿಯ ನೀರು. ಒಂದೇ ಕಡೆ ದುಂಡಗೆ ಹರಡಿದ್ದರೆ ಪೈಪು. ಇಡೀ ಗೋಡೆ ಸಮನಾಗಿ ಸುಲಿದಿದ್ದರೆ ಹಿಂದಿನ ಸಲದ ಸಿದ್ಧತೆಯ ಲೋಪ. ಮಳೆಗಾಲದ ನಡುವೆ ಅಥವಾ ಮಳೆ ನಿಂತ ಹೊಸತರಲ್ಲಿ ನೋಡಿದರೆ ಈ ಗುರುತುಗಳು ಸ್ಪಷ್ಟ. ಬೇಸಿಗೆಯ ಒಣಗೋಡೆಯನ್ನು ಮಾತ್ರ ನೋಡಿ ಅಂದಾಜು ಕಟ್ಟುವುದು ವಾಡಿಕೆಯಾಗಿದ್ದರೂ ಅದು ಕುರುಡು ಅಂದಾಜು.

ಉಳಿದ ಪರೀಕ್ಷೆಗಳಿಗೆ ದೊಡ್ಡ ಉಪಕರಣ ಬೇಡ. ಸುತ್ತಿಗೆಯ ಹಿಡಿಯಿಂದಲೋ ನಾಣ್ಯದಿಂದಲೋ ಗೋಡೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಾರೆ ಗೋಡೆಯಿಂದ ಬಿಟ್ಟಿದೆ. ಅಂಥ ಜಾಗವನ್ನು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಕಪ್ಪು ಬಟ್ಟೆಯಿಂದ ಒರೆಸಿದಾಗ ಪುಡಿ ಹತ್ತಿದರೆ ಹಳೆಯ ಬಣ್ಣದ ಅಂಟು ಸತ್ತಿದೆ. ಗಟ್ಟಿಯಾಗಿ ಕಾಣುವ ಬಣ್ಣದ ಮೇಲೆ ಚೂಪು ಬ್ಲೇಡಿನಿಂದ ಗುಣಿಸು ಗುರುತಿನಂತೆ ಗಾರೆಯವರೆಗೆ ಎರಡು ಗೀರು ಹಾಕಿ, ಅಂಟುಪಟ್ಟಿ ಒತ್ತಿ ಹಚ್ಚಿ ಜಗ್ಗಿ ಕೀಳುವುದು ಹಿಡಿತದ ಪರೀಕ್ಷೆ. ಪಟ್ಟಿಯೊಡನೆ ಬಣ್ಣ ಬಂದರೆ ಆ ಭಾಗವನ್ನೂ ತೆಗೆಯಬೇಕು. ಸುಮಾರು 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚನ್ನೂ ಗೋಡೆಗೆ ಅಂಟಿಸಿ ಕನಿಷ್ಠ 16 ಗಂಟೆ ಬಿಟ್ಟು ನೋಡಿದಾಗ ಒಳಗೆ ಹನಿಗಟ್ಟಿದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಇಟ್ಟಿಗೆಯ ಉಪ್ಪನ್ನು ಅಳೆಯಲು ಐಎಸ್ 3495ರಲ್ಲಿ ಒಂದು ಸರಳ ವಿಧಾನವಿದೆ: ಇಟ್ಟಿಗೆಯ ತುದಿಯನ್ನು 25 ಮಿಲಿಮೀಟರ್ ನೀರಿನಲ್ಲಿ ನಿಲ್ಲಿಸಿ, ನೀರು ಹೀರಿ ಆರಿದ ಮೇಲೆ ಮತ್ತೊಮ್ಮೆ ಹಾಗೆಯೇ ಮಾಡಿ, ಮೇಲ್ಮೈಯ ಎಷ್ಟು ಭಾಗದಲ್ಲಿ ಬಿಳುಪು ಕೂತಿದೆ ಎಂದು ನೋಡಿ ‘ಇಲ್ಲ’ ಎಂಬಲ್ಲಿಂದ ‘ಗಂಭೀರ’ದವರೆಗೆ ಐದು ದರ್ಜೆ ಕೊಡುತ್ತಾರೆ. ಮನೆ ಕಟ್ಟುವಾಗಲೇ ಇದನ್ನು ಮಾಡಿದ್ದರೆ ಮುಂದಿನ ಎಷ್ಟೋ ಕೆರೆತ ತಪ್ಪುತ್ತಿತ್ತು.

ಹಳೆಯ ಎಣ್ಣೆ ಬಣ್ಣವಿರುವ ಗೋಡೆಯಲ್ಲಿ ಸೀಸದ ಸಂಶಯವನ್ನೂ ಇಟ್ಟುಕೊಳ್ಳಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ ಪ್ರಕಟವಾದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮೆಲ್ ಪದರಗಳನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸುವುದು ಕೆಲಸಗಾರರಿಗೂ ಅಂಗಳದಲ್ಲಿ ಆಡುವ ಮಕ್ಕಳಿಗೂ ಅಪಾಯ. ನೀರು ಚಿಮುಕಿಸಿ ಕೆರೆದು, ನೆಲಕ್ಕೆ ಹಾಸಿದ ಪ್ಲಾಸ್ಟಿಕ್ಕಿನಲ್ಲಿ ಚಕ್ಕೆಗಳನ್ನು ಕೂಡಿಸಿ ತೆಗೆಯುವುದು ಕ್ಷೇಮ.

ನೀರನ್ನು ತಡೆಯುವುದು

ತೇವದ ಮೂಲ ಹಾಗೆಯೇ ಇರುವಾಗ ಗೋಡೆ ಕೆರೆಯಲು ಇಳಿಯುವುದು ವ್ಯರ್ಥ ದುಡಿಮೆ. ಪ್ಯಾರಪೆಟ್ಟಿನ ನೆತ್ತಿಯನ್ನು ಒಳಮುಖವಾಗಿ ಇಳಿಜಾರು ಮಾಡಿ ಗಾರೆ ಹಾಕುವುದು, ತಾರಸಿಯ ನೀರುನಿರೋಧಕ ಪದರ ಸರಿಪಡಿಸುವುದು, ಮಳೆನೀರಿನ ಪೈಪನ್ನು ಗೋಡೆಯಿಂದ ದೂರಕ್ಕೆ ಬಿಡುವುದು, ಸಜ್ಜಾದ ಕೆಳಮೈಯ ಅಂಚಿಗೆ ನೀರು ಒಳಕ್ಕೆ ಹರಿಯದಂತೆ ಒಂದು ಗೀಟು ಅಥವಾ ಪಟ್ಟಿ ಕೊಡುವುದು ಇವೆಲ್ಲ ಬಣ್ಣದವರ ಕೆಲಸವಲ್ಲ, ಗಾರೆ ಮೇಸ್ತ್ರಿ ಮತ್ತು ಪ್ಲಂಬರನ ಕೆಲಸ. ಎರಡು ಕಸುಬುಗಳ ನಡುವಿನ ಈ ಸಂದಿಯಲ್ಲಿಯೇ ಬಹಳಷ್ಟು ಮನೆಗಳ ಬಣ್ಣ ಕೆಡುತ್ತದೆ. ಸಜ್ಜಾದ ಅಂಚಿನ ಗೀಟಿಗೆ ತಗಲುವ ಖರ್ಚು ಅತ್ಯಲ್ಪ, ಅದು ಉಳಿಸುವ ಗೋಡೆ ಅಗಾಧ; ಆದರೂ ಅದನ್ನು ಮರೆಯುವುದೇ ಹೆಚ್ಚು.

ಬುಡದ ತೇವಕ್ಕೆ ಮೊದಲ ಉಪಾಯ ಗೋಡೆಗೆ ತಾಗಿ ಏರಿದ ಮಣ್ಣು, ಹೂಪಾತಿ, ಕಾಂಕ್ರೀಟು ಹಾಸನ್ನು ತೆಗೆದು ನೆಲವನ್ನು ತಳಪಾಯದ ನೆತ್ತಿಯ ಮಟ್ಟಕ್ಕಿಂತ ತಗ್ಗಿಸುವುದು. ತೇವತಡೆ ಪದರವೇ ಇಲ್ಲದಲ್ಲಿ ಬುಡದ ಸಾಲಿನಲ್ಲಿ ಒಂದರ ಪಕ್ಕ ಒಂದು ತೂತು ಕೊರೆದು ಸಿಲೇನ್–ಸಿಲಾಕ್ಸೇನ್ ಬಗೆಯ ನೀರುನಿರೋಧಕವನ್ನು ತುಂಬುವ ವಿಧಾನವಿದೆ. ಸರಿಯಾಗಿ ಕಟ್ಟಿದ ಇಟ್ಟಿಗೆ ಗೋಡೆಯಲ್ಲಿ ಇದು ಫಲ ಕೊಡುತ್ತದೆ. ಒಳಗೆ ಪೊಳ್ಳುಗಳಿರುವ ಕಾಡುಗಲ್ಲಿನ ದಪ್ಪ ಗೋಡೆಯಲ್ಲಿ ಭರವಸೆ ಕಡಿಮೆ.

ಪಾಚಿ ಮತ್ತು ಗಿಡ

ಹಸಿರು–ಕಪ್ಪು ಪಾಚಿ, ಬೂಷ್ಟು, ಕಲ್ಲುಹೂವು ಇರುವ ಗೋಡೆಯನ್ನು ಕೆರೆಯುವ ಮೊದಲು ಅವನ್ನು ಕೊಲ್ಲಬೇಕು, ಇಲ್ಲದಿದ್ದರೆ ಬೀಜಕಣಗಳು ಗೋಡೆ ತುಂಬ ಹರಡುತ್ತವೆ. ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚಿಂಗ್ ದ್ರಾವಣಕ್ಕೆ ಮೂರು ಪಾಲು ನೀರು ಸೇರಿಸಿ, ಬಳಿದು, ಕಾಲು ಗಂಟೆ ಬಿಟ್ಟು, ಗಟ್ಟಿ ಬ್ರಷ್ಷಿನಿಂದ ಉಜ್ಜಿ ಹೇರಳ ನೀರಿನಿಂದ ತೊಳೆಯುವುದು ರೂಢಿಯ ಕ್ರಮ. ಈ ದ್ರಾವಣವನ್ನು ಆಮ್ಲದೊಡನೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ಡಿನ ಡಬ್ಬಿಯನ್ನು ಹತ್ತಿರವೂ ಇಟ್ಟುಕೊಳ್ಳಬಾರದು. ಪ್ಯಾರಪೆಟ್ಟಿನ ಸಂದಿನಲ್ಲಿ ಹಕ್ಕಿಗಳ ಹಿಕ್ಕೆಯಿಂದ ಹುಟ್ಟುವ ಅರಳಿ, ಆಲ, ಬಸರಿಯ ಸಸಿಗಳನ್ನು ಮೇಲಿಂದ ಮುರಿದರೆ ಮತ್ತೆ ಚಿಗುರುತ್ತವೆ. ಬೇರು ಹೊಕ್ಕಷ್ಟು ಗಾರೆ ಒಡೆದು, ಬೇರು ತೆಗೆದು, ಸಂದು ತುಂಬುವುದೇ ದಾರಿ.

ಕೆರೆತ ಮತ್ತು ತೊಳೆತ

ಕೆರೆಯುವ ಕೆಲಸಕ್ಕೆ ಪುಟ್ಟಿ ಪಟ್ಟಿ, ಅಗಲ ಸ್ಕ್ರೇಪರು, ತಂತಿ ಬ್ರಷ್ಷು, ಉಪ್ಪುಕಾಗದ ಸಾಕು. ದೊಡ್ಡ ಗೋಡೆಗೆ ಉಜ್ಜುವ ಯಂತ್ರ ಬಳಸುತ್ತಾರೆ. ನಿಯಮ ಒಂದೇ: ಬರುವುದೆಲ್ಲ ಬರಬೇಕು, ಬಾರದ್ದನ್ನು ಬಲವಂತವಾಗಿ ಕೀಳಬೇಕಾಗಿಲ್ಲ. ಸ್ಕ್ರೇಪರನ್ನು ಚಕ್ಕೆಯ ಅಂಚಿನಡಿಗೆ ತೂರಿಸಿ, ಬಣ್ಣ ಗಟ್ಟಿಯಾಗಿ ಹಿಡಿದಿರುವ ಗಡಿ ಸಿಗುವವರೆಗೆ ಮುಂದುವರಿಸಬೇಕು. ಉಳಿದ ಬಣ್ಣದ ಅಂಚನ್ನು 80 ಅಥವಾ 120ನೆಯ ನಂಬರಿನ ಉಪ್ಪುಕಾಗದದಿಂದ ಇಳಿಜಾರಾಗಿ ತೀಡಬೇಕು. ಮೆಟ್ಟಿಲಾಗಿ ಬಿಟ್ಟರೆ ಹೊಸ ಬಣ್ಣ ಅಲ್ಲಿಂದಲೇ ಏಳಲು ತೊಡಗುತ್ತದೆ. ಗೋಡೆಯ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಹಿಡಿತ ಹೋಗಿದ್ದರೆ ತೇಪೆ ಹಾಕುತ್ತ ಕೂರುವುದಕ್ಕಿಂತ ಪೂರ್ತಿ ತೆಗೆಯುವುದೇ ಕೊನೆಗೆ ಅಗ್ಗ. ಸುಣ್ಣದ ದಪ್ಪ ಪದರದ ಮೇಲೆ ಎಮಲ್ಷನ್ ಬಳಿದಿರುವಲ್ಲಿ ಈ ಆಯ್ಕೆಯೂ ಇಲ್ಲ: ಸುಣ್ಣವನ್ನು ಒದ್ದೆ ಮಾಡಿ ಮೆತ್ತಗಾಗಿಸಿ ಗಾರೆ ಕಾಣುವವರೆಗೆ ಕೆರೆಯಲೇಬೇಕು.

ಒತ್ತಡದ ನೀರಿನ ಯಂತ್ರ ಇಂದು ಜಿಲ್ಲಾ ಪಟ್ಟಣಗಳಲ್ಲೂ ಬಾಡಿಗೆಗೆ ಸಿಗುತ್ತದೆ. ಗಟ್ಟಿ ಸಿಮೆಂಟ್ ಗಾರೆಯ ಮೇಲೆ ಅದು ಧೂಳು, ಪುಡಿ, ಸಡಿಲ ಚಕ್ಕೆಗಳನ್ನು ಬೇಗ ತೆಗೆಯುತ್ತದೆ. ಆದರೆ ಮೆದು ಇಟ್ಟಿಗೆ, ಸುಣ್ಣದ ಗಾರೆ ಮತ್ತು ಮುರಕಲ್ಲಿಗೆ ಅದು ಶತ್ರು. ಮುರಕಲ್ಲು ನೆಲದಿಂದ ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು. ಹಾಗೆ ಗಟ್ಟಿಯಾದ ಹೊರಪದರವನ್ನು ನೀರಿನ ಏಟು ಕಿತ್ತರೆ ಒಳಗಿನ ಮೆದು ಭಾಗ ಮಳೆಗೆ ತೆರೆದುಕೊಳ್ಳುತ್ತದೆ. ಸುಟ್ಟ ಇಟ್ಟಿಗೆಯ ಹೊರಮೈ ಮರಳು ಚಿಮ್ಮುವ ಯಂತ್ರದಿಂದ ಹೀಗೆಯೇ ಹಾಳಾಗುತ್ತದೆ. ಹಳೆಯ ಕಟ್ಟಡಗಳಲ್ಲಿ ಕೈಕೆಲಸಕ್ಕೆ ಬದಲಿಲ್ಲ. ಯಂತ್ರದಿಂದ ತೊಳೆದ ಯಾವ ಗೋಡೆಯೂ ಆಳಕ್ಕೆ ನೀರು ಕುಡಿದಿರುತ್ತದೆ ಎಂಬುದನ್ನು ಒಣಗುವ ಅವಧಿಯ ಲೆಕ್ಕದಲ್ಲಿ ಸೇರಿಸಬೇಕು.

ಉಪ್ಪು ಮಾತ್ರ ಈ ತೊಳೆತಕ್ಕೆ ಹೊರತು. ಬಿಳಿ ಪುಡಿಯನ್ನು ನೀರು ಹಾಕಿ ತೊಳೆದರೆ ಅದು ಕರಗಿ ಗೋಡೆಯೊಳಕ್ಕೇ ಮರಳುತ್ತದೆ. ಒಣಗಿರುವಾಗ ಮೆದು ಬ್ರಷ್ಷಿನಿಂದ ಉದುರಿಸಿ, ಬುಡದ ಮಣ್ಣಿಗೆ ಬೀಳದಂತೆ ಹಾಳೆಯಲ್ಲಿ ಹಿಡಿದು ದೂರ ಚೆಲ್ಲಬೇಕು. ಕೆಲವು ವಾರ ಬಿಟ್ಟು ಮತ್ತೆ ಬಂದುದನ್ನು ಮತ್ತೆ ತೆಗೆಯಬೇಕು. ಬೆಲೆಬಾಳುವ ಹಳೆಯ ಗೋಡೆಗಳಲ್ಲಿ ಶುದ್ಧ ನೀರಿನಲ್ಲಿ ಕಲಸಿದ ಬಿಳಿಜೇಡಿ ಅಥವಾ ಕಾಗದದ ತಿರುಳನ್ನು ಮೆತ್ತಿ, ಒಣಗುವಾಗ ಅದು ಉಪ್ಪನ್ನು ಹೀರಿದ ಮೇಲೆ ಕಿತ್ತೊಗೆಯುವ ಪದ್ಧತಿಯಿದೆ. ಉಪ್ಪು ತೆಗೆಯಲೆಂದು ಹೈಡ್ರೋಕ್ಲೋರಿಕ್ ಆಮ್ಲ ಹಚ್ಚಿದರೆ ಅದು ಗಾರೆಯ ಸುಣ್ಣವನ್ನು ತಿಂದು, ಹಿಂದೆ ಕ್ಲೋರೈಡ್ ಉಳಿಸಿಹೋಗುತ್ತದೆ. ಉಪ್ಪು ಹೋಗಲಾಡಿಸಲು ಇನ್ನೊಂದು ಉಪ್ಪನ್ನು ಸೇರಿಸಿದಂತಾಗುವ ಈ ಪದ್ಧತಿಯನ್ನು ಬಿಡುವುದೇ ಲೇಸು.

ಗಾರೆಯ ದುರಸ್ತಿ

ಟೊಳ್ಳು ಸದ್ದು ಬಂದ ಗಾರೆಯನ್ನು ಅಂಚು ನೇರವಾಗಿರುವಂತೆ ಚೌಕವಾಗಿ ಕತ್ತರಿಸಿ ತೆಗೆಯುತ್ತಾರೆ. ಇಟ್ಟಿಗೆಯ ಸಂದುಗಳನ್ನು ಒಂದು ಸೆಂಟಿಮೀಟರಿನಷ್ಟು ಆಳಕ್ಕೆ ಕೆರೆದು, ಧೂಳು ತೊಳೆದು, ಗೋಡೆ ಒದ್ದೆಯಾಗಿಯೂ ನೀರು ತೊಟ್ಟಿಕ್ಕದಂತೆಯೂ ಇರುವಾಗ ಹೊಸ ಗಾರೆ ಹಾಕಬೇಕು. ಹೊರಗೋಡೆಗೆ ಒಂದಕ್ಕೆ ನಾಲ್ಕರ ಅಥವಾ ಐದರ ಸಿಮೆಂಟ್–ಮರಳು ಮಿಶ್ರಣ, ದಪ್ಪವಿದ್ದಲ್ಲಿ ಎರಡು ಪದರವಾಗಿ. ಈಗ ನದಿಮರಳಿನ ಬದಲು ಬಳಕೆಯಲ್ಲಿರುವ ಎಂ–ಸ್ಯಾಂಡಿನಲ್ಲಿ ಕಲ್ಲಿನ ಹುಡಿ ಜಾಸ್ತಿಯಿದ್ದರೆ ಗಾರೆ ಒಣಗುವಾಗ ಜೇಡರಬಲೆಯಂತೆ ಸೀಳುತ್ತದೆ. ಗಾರೆಗೆಂದೇ ಜರಡಿ ಹಿಡಿದು ತೊಳೆದ ಪ್ಲಾಸ್ಟರಿಂಗ್ ಮರಳನ್ನು ತರುವುದು ಒಳ್ಳೆಯದು. ಕಲಸುವ ನೀರಿನ ಪಿಎಚ್ 6ಕ್ಕಿಂತ ಕಡಿಮೆಯಿರಬಾರದು, ಸಲ್ಫೇಟ್ ಲೀಟರಿಗೆ 400 ಮಿಲಿಗ್ರಾಂ ಮೀರಬಾರದು ಎಂದು ಕಾಂಕ್ರೀಟಿನ ಐಎಸ್ 456 ಸಂಹಿತೆ ಹೇಳುತ್ತದೆ. ಗಾರೆಗೂ ಅದನ್ನೇ ಅಳತೆಗೋಲಾಗಿ ಹಿಡಿಯಬಹುದು. ಹಾಕಿದ ಗಾರೆಗೆ ಕನಿಷ್ಠ ಒಂದು ವಾರ ನೀರು ಹಾಯಿಸಬೇಕು.

ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟಿನ ತೇಪೆ ಹಾಕುವುದು ತಪ್ಪು. ಬೆಲ್ಲ, ಅಳಲೆಕಾಯಿಯ ನೀರು ಬೆರೆಸಿ ಅರೆದ ಸುಣ್ಣದ ಗಾರೆಯ ಗೋಡೆಗಳು ರಾಜ್ಯದ ಹಳೆಯ ಊರುಗಳಲ್ಲಿ ಇನ್ನೂ ಇವೆ. ಇವುಗಳ ನಡುವೆ ಬಿಗಿಯಾದ, ನೀರಾವಿ ದಾಟಲಾಗದ ಸಿಮೆಂಟ್ ತುಣುಕು ಕೂತರೆ ತೇವ ಅದನ್ನು ಸುತ್ತಿ ಬಂದು ತೇಪೆಯ ಸುತ್ತಲಿನ ಹಳೆಯ ಗಾರೆಯನ್ನೇ ಉದುರಿಸುತ್ತದೆ. ಸುಣ್ಣಕ್ಕೆ ಸುಣ್ಣವೇ ಜೋಡಿ. ಅದು ಗಟ್ಟಿಯಾಗಲು ವಾರಗಟ್ಟಲೆ ಹಿಡಿಯುತ್ತದೆ.

ಕೂದಲೆಳೆಯ ಬಿರುಕುಗಳನ್ನು ಪ್ರೈಮರ್ ಮತ್ತು ಬಣ್ಣವೇ ಮುಚ್ಚಬಲ್ಲವು. ಅದಕ್ಕಿಂತ ದೊಡ್ಡದನ್ನು ಇಂಗ್ಲಿಷಿನ ವಿ ಅಕ್ಷರದಂತೆ ಬಾಯಿ ತೆರೆದು, ಧೂಳು ತೆಗೆದು, ಹೊರಗೋಡೆಗೆಂದೇ ಮಾಡಿದ ಭರ್ತಿಯಿಂದ ತುಂಬಬೇಕು. ಕಾಂಕ್ರೀಟು ಕಂಬ–ತೊಲೆ ಮತ್ತು ಬ್ಲಾಕು ಗೋಡೆ ಕೂಡುವಲ್ಲಿ ಬಿರುಕು ಮತ್ತೆ ಮತ್ತೆ ತೆರೆಯುತ್ತದೆ. ಅಲ್ಲಿ ಗಾರೆ ಕಿತ್ತು ಕೋಳಿಬಲೆ ಬಡಿದು ಮತ್ತೆ ಗಾರೆ ಹಾಕುವುದು ಸರಿ. ಎರೆನೆಲದ ಋತುಬಿರುಕಿಗೆ ಗಟ್ಟಿ ಸಿಮೆಂಟ್ ತುಂಬಿದರೆ ಮುಂದಿನ ಮಳೆಗಾಲದಲ್ಲಿ ಪಕ್ಕದಲ್ಲಿ ಹೊಸ ಬಿರುಕು. ಹಿಗ್ಗುವ ಸೀಲಂಟೇ ಅಲ್ಲಿ ತಕ್ಕದ್ದು. ಬಾಗಿಲು–ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ, ದಿನೇ ದಿನೇ ಅಗಲವಾಗುವ ಬಿರುಕನ್ನು ಎಂಜಿನಿಯರು ನೋಡದೆ ಮುಚ್ಚಬಾರದು. ತುಕ್ಕು ಹಿಡಿದ ಕಂಬಿಯ ಜಾಗದಲ್ಲಿ ಸಡಿಲ ಕಾಂಕ್ರೀಟನ್ನು ಕಂಬಿಯ ಹಿಂದಿನವರೆಗೂ ಒಡೆದು, ತುಕ್ಕು ಉಜ್ಜಿ, ರಕ್ಷಕ ಲೇಪ ಕೊಟ್ಟು, ಪಾಲಿಮರ್ ಗಾರೆಯಿಂದ ತುಂಬುತ್ತಾರೆ.

ಹೊರಗೋಡೆಯನ್ನು ಕನ್ನಡಿಯಂತೆ ನುಣುಪಾಗಿಸುವ ಹಂಬಲದಿಂದ ಗೋಡೆ ತುಂಬ ಪುಟ್ಟಿ ಬಳಿಯುವುದು ಈಚಿನ ರೂಢಿ. ಬಿಳಿಸಿಮೆಂಟ್ ಆಧಾರದ ಪುಟ್ಟಿ ತೆಳುವಾಗಿದ್ದರೆ ತಾಳುತ್ತದೆ. ಆದರೆ ಪ್ರತಿ ಹೆಚ್ಚಿನ ಪದರವೂ ಬಿಟ್ಟುಬರಬಹುದಾದ ಇನ್ನೊಂದು ಗಡಿ. ಮಳೆ ಜೋರಿರುವ ಸೀಮೆಯಲ್ಲಿ ಗಾರೆಯನ್ನೇ ಚೆನ್ನಾಗಿ ತಿಕ್ಕಿ, ಪುಟ್ಟಿಯನ್ನು ಗುಳಿ ತುಂಬಲು ಮಾತ್ರ ಬಳಸಿದ ಗೋಡೆಗಳೇ ಹೆಚ್ಚು ಬಾಳುತ್ತವೆ.

ಒಣಗುವಿಕೆ ಮತ್ತು ಪ್ರೈಮರ್

ಹೊಸ ಗಾರೆ ಬಣ್ಣಕ್ಕೆ ಮುನ್ನ 28 ದಿನ ಹದಗೊಳ್ಳಬೇಕೆಂಬುದು ಸಾಮಾನ್ಯ ನಿಯಮ. ಕ್ಷಾರ ಇಳಿಯಲೂ ನೀರು ಆರಲೂ ಅಷ್ಟು ಕಾಲ ಬೇಕು. ತೊಳೆದ ಹಳೆಯ ಗೋಡೆಗೆ ಬಿಸಿಲಿನಲ್ಲಿ ಕೆಲವು ದಿನ, ಮೋಡದಲ್ಲಿ ಅದಕ್ಕಿಂತ ಬಹಳ ಹೆಚ್ಚು. ದಿನಗಳನ್ನು ಎಣಿಸುವ ಬದಲು ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ನೋಡುವುದು ಖಚಿತ. ಹಬ್ಬ, ಮದುವೆ, ಗೃಹಪ್ರವೇಶದ ದಿನಾಂಕ ಹತ್ತಿರವಾದಂತೆ ಮೊದಲು ಕತ್ತರಿಗೆ ಸಿಗುವುದು ಈ ಕಾಯುವ ಕಾಲವೇ.

ಕರಾವಳಿ–ಮಲೆನಾಡಿನಲ್ಲಿ ಈ ಕೆಲಸಕ್ಕೆ ತಕ್ಕ ಕಾಲ ಜನವರಿಯಿಂದ ಏಪ್ರಿಲ್. ಒಳನಾಡಿನಲ್ಲಿ ಹಿಂಗಾರು ಮುಗಿದ ಮೇಲೆ, ಅಂದರೆ ಡಿಸೆಂಬರಿನಿಂದ ಮಾರ್ಚ್. ಕಲಬುರಗಿ, ರಾಯಚೂರಿನ ಕಡುಬೇಸಿಗೆಯಲ್ಲಿ ಬಿಸಿಲಿಗೆ ಕಾದ ಗೋಡೆಯ ಮೇಲೆ ಬಣ್ಣ ಹರಡುವ ಮೊದಲೇ ಒಣಗಿ ಹಿಡಿತ ಕಳೆದುಕೊಳ್ಳುವುದರಿಂದ ನೆರಳು ಬಿದ್ದ ಗೋಡೆಯನ್ನು ಹಿಂಬಾಲಿಸುತ್ತ ಕೆಲಸ ಮಾಡಬೇಕಾಗುತ್ತದೆ.

ಪ್ರೈಮರ್ ಕ್ಷಾರ ತಾಳುವ, ಹೊರಗೋಡೆಗೆಂದೇ ಮಾಡಿದ ಅಕ್ರಿಲಿಕ್ ಬಗೆಯದಾಗಿರಬೇಕು. ಪುಡಿ ಬಿಡುವ, ಆದರೆ ತೆಗೆಯಲಾಗದ ಮೇಲ್ಮೈಗೆ ಮೊದಲು ಆಳಕ್ಕೆ ಇಂಗಿ ಪುಡಿಯನ್ನು ಕಟ್ಟುವ ಲೇಪ ಕೊಡುತ್ತಾರೆ. ತಯಾರಕರು ಹೇಳಿದ್ದಕ್ಕಿಂತ ಹೆಚ್ಚು ನೀರು ಬೆರೆಸುವುದು ಪ್ರೈಮರಿನ ಅಂಟನ್ನೇ ಕದಿಯುತ್ತದೆ. ಸುಣ್ಣದ ಗೋಡೆಗೂ ಉಪ್ಪು ತೀರದ ಗೋಡೆಗೂ ಎಮಲ್ಷನ್ ಬದಲು ಮತ್ತೆ ಸುಣ್ಣವನ್ನೇ ಅಥವಾ ಸಿಲಿಕೇಟ್ ಬಣ್ಣವನ್ನು ಆರಿಸುವುದು ಸೂಕ್ತ. ಜರ್ಮನಿಯ ಅಡಾಲ್ಫ್ ವಿಲ್ಹೆಲ್ಮ್ ಕೈಮ್ 1878ರಲ್ಲಿ ಪೇಟೆಂಟ್ ಪಡೆದ ಈ ಖನಿಜ ಬಣ್ಣ ಗೋಡೆಯ ಮೇಲೆ ಪೊರೆಯಾಗದೆ ಗೋಡೆಯೊಡನೆ ರಾಸಾಯನಿಕವಾಗಿ ಬೆಸೆಯುತ್ತದೆ.

ಕೆಲಸದ ಕ್ಷೇಮ ಮತ್ತು ಒಪ್ಪಂದ

ಗೋಡೆ ಉಜ್ಜುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸಬಲ್ಲದು. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯದು, ಎನ್–95 ದರ್ಜೆಯ ಮುಖಗವಸು ಮತ್ತು ಕನ್ನಡಕ ಬೇಕು. ಸರ್ವೆ ಗಳಗಳ ಸಾರುವೆಯಾಗಲಿ ಬಹುಮಹಡಿಯಲ್ಲಿ ಇಳಿಬಿಡುವ ಹಗ್ಗದ ಜೂಲಾ ಆಗಲಿ ಪ್ರತ್ಯೇಕ ಹಗ್ಗಕ್ಕೆ ಕಟ್ಟಿದ ಸುರಕ್ಷಾ ಪಟ್ಟಿಯಿಲ್ಲದೆ ಹತ್ತಬಾರದು. ಗೋಡೆಯ ಸಮೀಪ ಹಾಯುವ ವಿದ್ಯುತ್ ತಂತಿಗಳ ವಿಷಯವನ್ನು ಕೆಲಸ ಆರಂಭಿಸುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು.

ಬಣ್ಣದ ಕೆಲಸವನ್ನು ಚದರಡಿ ಲೆಕ್ಕದಲ್ಲಿ ಒಪ್ಪಿಸುವಾಗ ಕೆರೆತ, ತೊಳೆತ, ಗಾರೆ ದುರಸ್ತಿ, ಒಣಗಲು ಬಿಡುವ ದಿನಗಳು ಇವನ್ನು ಬೇರೆ ಬೇರೆಯಾಗಿ ಬರೆದು ದರ ಗೊತ್ತುಪಡಿಸುವುದು ಮನೆಯವರಿಗೂ ಬಣ್ಣದವರಿಗೂ ಹಿತ. ಎಲ್ಲ ಸೇರಿ ಇಷ್ಟು ಎಂಬ ಒಂದೇ ಅಂಕಿಯಲ್ಲಿ ಕಣ್ಣಿಗೆ ಕಾಣದ ಸಿದ್ಧತೆಯೇ ಮೊದಲು ಸೊರಗುತ್ತದೆ. ಬಣ್ಣದ ಕಂಪನಿಗಳು ವರ್ಷಗಳ ಲೆಕ್ಕದಲ್ಲಿ ಕೊಡುವ ಭರವಸೆಯ ಪತ್ರಗಳಲ್ಲಿಯೂ ಗೋಡೆಯ ತೇವ, ಸೋರಿಕೆ, ಗಾರೆಯ ದೋಷ ಮತ್ತು ಕಟ್ಟಡದ ಬಿರುಕಿನಿಂದ ಬಣ್ಣ ಎದ್ದರೆ ಸಾಮಾನ್ಯವಾಗಿ ಪರಿಹಾರವಿರುವುದಿಲ್ಲ.